ಯಾರೂ ಬೇಡವೆನ್ನದ ವಾರ

ನನ್ನ ಸೊಸೆಗೆ ಒಂದು ಕಡೆ ಸುಮ್ಮನೆ ಕೂತು ಗೊತ್ತಿಲ್ಲ. ಊಟಕ್ಕೆ ಕೂತರೂ ಮೇಜಿನ ಕೆಳಗೆ ಕಾಲು ಕುಣಿಯುತ್ತಿರುತ್ತದೆ, ಮೇಲೆ ಲೋಟದ ನೀರು ಅಲುಗುತ್ತಿರುತ್ತದೆ. ಎದುರಿಗಿದ್ದವರ ಅಂಗಿಯಿಂದ ಒಂದು ಎಳೆ ನೂಲು ಇಣುಕಿದರೆ ಸಾಕು, ಕೈ ಚಾಚಿ ಕಿತ್ತೇ ಬಿಡುತ್ತಾಳೆ. ಎದುರಿಗಿರುವವರು ಯಾರು, ದೊಡ್ಡವರೋ ಚಿಕ್ಕವರೋ, ಅದೆಲ್ಲ ನೋಡುವುದಿಲ್ಲ. ಮಗ ಅವಳನ್ನು ಮೊದಲ ಸಲ ಮನೆಗೆ ಕರೆತಂದ ದಿನವೇ ನಮ್ಮ ಯಜಮಾನರ ತೋಳಿನಿಂದ ಹಾಗೆ ಒಂದು ನೂಲು ಕಿತ್ತಳು. ಅವರು ಬೆಚ್ಚಿಬಿದ್ದರು. ಆಮೇಲೆ, "ಪರವಾಗಿಲ್ಲ, ಹುಡುಗಿ ಕಣ್ಣು ಚುರುಕಾಗಿದೆ" ಎಂದರು. ಅವರ ಬಾಯಿಂದ ಹೊಗಳಿಕೆ ತೆಗೆಯುವುದೆಂದರೆ ಕಲ್ಲಿನಿಂದ ನಾರು ತೆಗೆದ ಹಾಗೆ. ನನಗೆ ಆ ದಿನವೇ ಹೊಟ್ಟೆಕಿಚ್ಚಾಗಿತ್ತು, ಸುಳ್ಳು ಯಾಕೆ ಹೇಳಲಿ?

ಅವಳು ಆಸ್ಪತ್ರೆಗಳಿಗೆ ಬಟ್ಟೆ ಹೊಲಿಯುವ ಕಾರ್ಖಾನೆಯಲ್ಲಿ ಕಟಿಂಗ್ ಮಾಡುತ್ತಾಳೆ. ಉದ್ದದ ಮೇಜಿನ ಮೇಲೆ ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಮೇಲೆ ಕಾಗದದ ನಮೂನೆ ಇಟ್ಟು, ಕೈಯಲ್ಲಿ ಹಿಡಿದು ನೂಕುವ ಕರೆಂಟಿನ ಕತ್ತರಿಯಿಂದ ಅಷ್ಟನ್ನೂ ಒಟ್ಟಿಗೆ ಕತ್ತರಿಸಬೇಕು. ಎಡಗೈಗೆ ಉಕ್ಕಿನ ಬಲೆಯ ಗವಸು. ಗೆರೆ ಒಂದು ಚೂರು ಆಚೀಚೆಯಾದರೆ ಅಷ್ಟೂ ಗೌನುಗಳು ಚಿಂದಿ. ಒಮ್ಮೆ ಅವಳು ಮರೆತ ಕನ್ನಡಕ ಕೊಡಲು ಹೋಗಿದ್ದೆ. ಆ ಮೇಜಿನ ಮುಂದೆ ಮಾತ್ರ ಅವಳ ಕಾಲು ಅಲುಗುವುದಿಲ್ಲ. ನಾನು ಕರೆದರೂ ತಿರುಗಲಿಲ್ಲ. ಕತ್ತರಿ ನಿಂತ ಮೇಲೆಯೇ ತಿರುಗಿದ್ದು.

ಇನ್ನು ನಮ್ಮ ಯಜಮಾನರ ವಿಷಯ. ಅವರು ನಕ್ಷೆ ಬರೆಯುವ ಕೆಲಸದಲ್ಲಿದ್ದವರು, ಈಗ ನಿವೃತ್ತರು. ನಾನು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದೆ. ಗಿರಾಕಿಗಳ ಅಳತೆ ಹಿಡಿದು ಕಾಗದದ ಮೇಲೆ ನಾನು ಒದ್ದಾಡುವುದನ್ನು ನೋಡಿ ಅವರು ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಂ ಬರೆದರು. ಎದೆ, ಸೊಂಟ, ತೋಳು, ಬೆನ್ನಿನ ಅಳತೆ ಹಾಕಿದರೆ ಅಂಗಿಯ ಕಟಿಂಗ್ ನಮೂನೆ ತಾನೇ ಬರೆದುಕೊಡುತ್ತದೆ. ಬರೆದದ್ದನ್ನು ಮುಚ್ಚಿಡಲಿಲ್ಲ. ಯಾರು ಬೇಕಾದರೂ ಪುಕ್ಕಟೆಯಾಗಿ ಇಳಿಸಿಕೊಳ್ಳಿ, ಒಳಗೆ ಏನಿದೆ ನೋಡಿ, ತಿದ್ದಿ, ಹಂಚಿ ಎಂದು ಇಂಟರ್ನೆಟ್ಟಿಗೆ ಹಾಕಿಬಿಟ್ಟರು. ಓಪನ್ ಸೋರ್ಸ್ ಎಂದರೆ ಅದೇ. ಎಲ್ಲೆಲ್ಲಿಯೋ ಇರುವ ದರ್ಜಿಗಳು, ಪ್ರೋಗ್ರಾಂ ಬರೆಯುವವರು ಸೇರಿಕೊಂಡರು. ಯಾರಿಗೂ ಸಂಬಳವಿಲ್ಲ. ಅವರೆಲ್ಲ ಬರೆದು ಮಾತಾಡುವ ಜಾಗಕ್ಕೆ 'ಕಟ್ಟೆ' ಎಂದು ಹೆಸರು. ಅಲ್ಲಿ ನಮ್ಮ ಯಜಮಾನರಿಗೆ ಎಲ್ಲರೂ 'ತಾತ' ಎನ್ನುತ್ತಾರೆ. ನನ್ನ ಸೊಸೆ 'ಗುಂಡುಸೂಜಿ'. ಹೊಸ ನಮೂನೆ ಬಂದಾಗಲೆಲ್ಲ ಹೊಲಿದು, ಹಾಕಿಕೊಂಡು, ಹೇಗಿದೆ ಎಂದು ಬರೆಯುವುದು ನನ್ನ ಕೆಲಸ. ಹಾಗಾಗಿ ನಾನೂ ಸದಸ್ಯೆಯೇ. ಯಾರೂ ನನ್ನನ್ನು ಎಣಿಕೆಗೆ ಹಿಡಿಯುವುದಿಲ್ಲ, ಅದು ಬೇರೆ ಮಾತು.

ಜನ ಸೇರಿದ ಮೇಲೆ ಜಗಳ ಇರಲೇಬೇಕಲ್ಲ. ನಿಯಮ ಬೇಕಾಯಿತು. ನಿಯಮ ಬರೆದದ್ದೂ ಇವರೇ. ಏನಾದರೂ ಮಾಡಬೇಕೆಂದಿದ್ದರೆ ಕಟ್ಟೆಯ ಮೇಲೆ ಬರೆದು ಒಂದು ವಾರ ಕಾಯಬೇಕು. ಯಾರೂ 'ಬೇಡ' ಎನ್ನದಿದ್ದರೆ ಎಲ್ಲರೂ ಒಪ್ಪಿದ ಹಾಗೆ. ಮೌನಂ ಸಮ್ಮತಿ ಲಕ್ಷಣಂ. ಅದರಲ್ಲಿ ನ್ಯಾಯ ಇಲ್ಲದಿಲ್ಲ. ಎಲ್ಲರೂ ತಮ್ಮ ಹೊಟ್ಟೆಪಾಡಿನ ನಡುವೆ ಬಿಡುವು ಮಾಡಿಕೊಂಡು ಬರುವವರು, ಗುಂಡಿಯ ಬಣ್ಣಕ್ಕೂ ಕೈಯೆತ್ತಿ ಎಂದರೆ ಯಾರು ಎತ್ತುತ್ತಾರೆ? ಎರಡನೆಯದು, ಯಾರು ಏನು ತಿದ್ದಿದರೂ ಇನ್ನೊಬ್ಬರು ನೋಡಿ ಸರಿ ಎಂದ ಮೇಲೆಯೇ ಅದು ಒಳಗೆ ಹೋಗಬೇಕು. ಮೂರನೆಯದು, ತನ್ನ ವಿಷಯ ಬಂದಾಗ ತಾನು ಬಾಯಿ ಹಾಕಬಾರದು. ದೂರು ಬಂದರೆ ವಿಚಾರಿಸಲು ಮೂವರ ಸಮಿತಿ. ನನ್ನ ಸೊಸೆಯನ್ನು ಅದಕ್ಕೆ ಆರಿಸಿದರು. ಉಳಿದಿಬ್ಬರಲ್ಲಿ ಒಬ್ಬಳಿಗೆ ಮಗುವಾಯಿತು, ಇನ್ನೊಬ್ಬನಿಗೆ ಕೆಲಸ ಬದಲಾಯಿತು. ಇಬ್ಬರೂ ನಾಪತ್ತೆ. ಮೂವರ ಭಾರ ಇವಳೊಬ್ಬಳ ತಲೆಗೆ ಬಂತು.

ಈಗ ನೋಡಿ, ಕೀಲಿ ಎನ್ನುವುದೊಂದಿದೆ. ಅದು ಯಾರ ಬಳಿ ಇರುತ್ತದೋ ಅವರು ಪ್ರೋಗ್ರಾಮಿನೊಳಗೆ ನೇರವಾಗಿ ತಿದ್ದುಪಡಿ ಹಾಕಬಹುದು. ತಾತನ ಬಳಿ ಇತ್ತು. ಅದನ್ನು ಕೊಡುವುದು, ವಾಪಸ್ ತೆಗೆಯುವುದು ಸಮಿತಿಯ ಕೈಯಲ್ಲಿ. ಇನ್ನೊಬ್ಬರಿಗೆ ತೋರಿಸಬೇಕೆಂಬ ನಿಯಮ ಬರೆದವರು ಇವರೇ, ಅದನ್ನು ಗಾಳಿಗೆ ತೂರಿದವರೂ ಇವರೇ. ಒಂದು ದಿನ ಯಾರಿಗೂ ಹೇಳದೆ ತೋಳು ಕೂಡಿಸುವ ಜಾಗದ ಲೆಕ್ಕ ಬದಲಾಯಿಸಿಬಿಟ್ಟರು. ಕಂಕುಳ ಸುತ್ತು ಬಿಗಿಯಾಯಿತು. ನಾಟಕ ಮಂಡಳಿಗೆ ಬಟ್ಟೆ ಹೊಲಿಯುವ ಒಬ್ಬಾಕೆ ಎಲ್ಲಿಯೋ ದೂರದಲ್ಲಿ ಆ ನಮೂನೆ ನಂಬಿ ಮಖಮಲ್ಲು ಕತ್ತರಿಸಿದಳು. ನಟರು ಕೈ ಎತ್ತಿದರೆ ಹೊಲಿಗೆ ಪರ್ ಎಂದಿತು. ಆಕೆ ಮರ್ಯಾದೆಯಿಂದಲೇ ಕಟ್ಟೆಯ ಮೇಲೆ ಬರೆದಳು. ತಾತ ಉತ್ತರ ಕೊಟ್ಟರು: "ಕತ್ತರಿ ಹಿಡಿಯಲು ಬಾರದವರು ನನಗೆ ಕಂಕುಳ ಪಾಠ ಹೇಳಬೇಕಾಗಿಲ್ಲ."

ಆಕೆ ಸಮಿತಿಗೆ ದೂರು ಕೊಟ್ಟಳು. ಮೊದಲ ದೂರೇನಲ್ಲ ಅದು. ಹೊಸದಾಗಿ ಬಂದವರು ಇವರ ಬೈಗುಳ ತಿಂದು ಒಬ್ಬೊಬ್ಬರಾಗಿ ಕಳಚಿಕೊಳ್ಳುತ್ತಿದ್ದರು. ಇದ್ದವರೂ ಗುಸುಗುಸು ಶುರು ಮಾಡಿದ್ದರು: ತಾತನನ್ನು ಹಿಡಿಯುವವರಿಲ್ಲದಿದ್ದರೆ ಪ್ರೋಗ್ರಾಮಿನ ನಕಲು ತೆಗೆದುಕೊಂಡು ಬೇರೆ ಒಲೆ ಹೂಡುವುದೇ ಸೈ. ಹಾಗಾದರೆ ಈ ಮನೆ ಖಾಲಿ. ಅದನ್ನು ನೋಡಿ ನಮ್ಮ ಯಜಮಾನರು ಬದುಕುತ್ತಾರಾ? ಬೆಳಗ್ಗೆ ಎದ್ದರೆ ಹಲ್ಲುಜ್ಜುವ ಮೊದಲು ಕಟ್ಟೆ ನೋಡುವ ಮನುಷ್ಯ.

ಸೊಸೆ ಮೊದಲು ಬೇರೆಯವರನ್ನು ಕೇಳಿ ನೋಡಿದಳು. 'ನಾನು ಅವರ ಸೊಸೆ, ನಾನು ವಿಚಾರಿಸುವುದು ಚೆನ್ನಾಗಿರುವುದಿಲ್ಲ, ಯಾರಾದರೂ ನನ್ನ ಜಾಗಕ್ಕೆ ಬನ್ನಿ' ಎಂದು ಬರೆದಳು. ಬೆಕ್ಕಿನ ಕೊರಳಿಗೆ ಗಂಟೆ ಕಟ್ಟುವವರು ಯಾರು? 'ನೀವೇ ಆದರೆ ಮೆತ್ತಗೆ ಹೇಳುತ್ತೀರಿ' ಎಂದು ಎಲ್ಲರೂ ಜಾರಿಕೊಂಡರು. ಹೇಡಿಗಳು.

ಒಂದು ಬೆಳಗ್ಗೆ ಅಡುಗೆಮನೆಯಲ್ಲಿ ನನ್ನ ಹಿಂದೆ ಬಂದು ನಿಂತಳು. ಉಗುರಿನಿಂದ ಬೆರಳಿನ ಸಿಪ್ಪೆ ಕೀಳುತ್ತಿದ್ದಳು.

"ಅತ್ತೆ, ಇವತ್ತು ಕಟ್ಟೆ ಮೇಲೆ ಒಂದು ಬರೀತೀನಿ. ಮಾವನ ಕೀಲಿ ತೆಗೀಬೇಕು ಅಂತ. ಅವರು ಇರಲಿ, ಕೆಲಸಾನೂ ಮಾಡ್ಲಿ. ಆದ್ರೆ ಎಲ್ಲರ ಹಾಗೆ ಇನ್ನೊಬ್ರಿಗೆ ತೋರಿಸಿ ಮಾಡ್ಲಿ."

"ಅವರ ಮುಖಕ್ಕೆ ಹೇಳಿದ್ಯಾ?"

"ಹೇಳೋಕೆ ಹೋದೆ. ಕಟ್ಟೆ ವಿಷಯ ಕಟ್ಟೆ ಮೇಲೆ, ಮನೇಲಿ ಬೇಡ ಅಂದ್ರು."

"ನೀನು ಬರೆದ್ರೆ ಅವರು ಆಕಾಶ ಭೂಮಿ ಒಂದು ಮಾಡ್ತಾರೆ."

"ಮಾಡ್ಲಿ ಅತ್ತೆ! ನನಗೆ ಬೇಕಾಗಿರೋದೂ ಅದೇ. ಅವರು ಕೂಗಾಡ್ತಾರೆ, ಆಗ ಉಳಿದೋರೂ ಬಾಯಿ ಬಿಡ್ತಾರೆ, ಮಧ್ಯೆ ಏನೋ ಒಂದು ದಾರಿ ಸಿಗುತ್ತೆ. ಕೀಲಿ ತೆಗೆಯೋವರೆಗೂ ಹೋಗಲ್ಲ ಅದು."

ಬರೆದಳು. ನಾನು ಓದಿದೆ. ಒಂದು ಒರಟು ಮಾತಿರಲಿಲ್ಲ, ಒಂದು ಸುಳ್ಳಿರಲಿಲ್ಲ.

ಆ ವಾರ ನಮ್ಮ ಮನೆ ಹೇಗಿತ್ತು ಎಂದು ಹೇಗೆ ಹೇಳಲಿ? ಇವರು ಕಿಟಕಿಯಿಂದ ಮೇಜಿಗೆ, ಮೇಜಿನಿಂದ ಕಿಟಕಿಗೆ. ಕುರ್ಚಿ ಎಳೆಯುವುದು, ಕೂರುವುದು, ಏಳುವುದು. ಬ್ಲೇಡು ತರುತ್ತೇನೆಂದು ಹೋಗಿ ಬರಿಗೈಯಲ್ಲಿ ಬರುವುದು. ಫೋನು ತೆಗೆದು ನೋಡುವುದು, ಮಗುಚಿ ಇಡುವುದು, ಮತ್ತೆ ತೆಗೆಯುವುದು. ಸೊಸೆ ಕೆಲಸದಿಂದ ಬಂದವಳೇ ಚಪ್ಪಲಿ ಬಿಡುವ ಮೊದಲು ಮಾವನ ಮುಖ ನೋಡುತ್ತಿದ್ದಳು. ನನ್ನ ಮಗ ಲಿಫ್ಟ್ ರಿಪೇರಿ ಮಾಡುವವನು. ಮನೆಯಲ್ಲಿ ಗಾಳಿ ಬದಲಾಯಿತೆಂದರೆ ಸಾಕು, ಯಾವುದೋ ಕಟ್ಟಡದ ಲಿಫ್ಟ್ ಕೆಟ್ಟುಬಿಡುತ್ತದೆ. ಆ ವಾರ ಊರಿನ ಲಿಫ್ಟೆಲ್ಲ ಕೆಟ್ಟಿತು. ನನಗೋ ತಲೆ ಚಿಟ್ಟು ಹಿಡಿದಿತ್ತು. ಹೊಲಿದ ಕಾಲರನ್ನು ಬಿಚ್ಚಿ ಹೊಲಿದೆ, ಮತ್ತೆ ಬಿಚ್ಚಿದೆ.

ಕಟ್ಟೆಯ ಮೇಲೆ ಸದ್ದಿಲ್ಲ. ತಾತ ಕೂಗಾಡಲಿಲ್ಲ. ತಾತ ಕೂಗಾಡುತ್ತಾರೆ, ಆಮೇಲೆ ನೋಡೋಣ ಎಂದು ಉಳಿದವರೂ ಬಾಯಿ ಬಿಡಲಿಲ್ಲ.

ನನಗೆ ತಡೆಯಲಾಗಲಿಲ್ಲ. "ರೀ, ಏನಾದ್ರೂ ಬರೀಬಾರ್ದಾ? ಯಾವತ್ತೂ ಇಲ್ಲದ್ದು ಈಗ ನಾಲಿಗೆ ಬಿದ್ದುಹೋಯ್ತಾ?"

"ನನ್ನ ವಿಷಯ. ನಾನು ಬಾಯಿ ಹಾಕಬಾರ್ದು."

"ಬೇರೆ ನಿಯಮ ಎಲ್ಲ ಮುರಿದೋರಿಗೆ ಇದೊಂದು ಮುರಿಯೋಕಾಗಲ್ವಾ?"

"ಇದು ಹಾಗಲ್ಲ ಕಣೇ." ಕನ್ನಡಕ ಒರೆಸಿದರು. "ಬೇರೆಯವರು ಬರೀತಾರೆ ಬಿಡು."

ಹಾಗೆ ಹೇಳುವಾಗ ನನ್ನ ಕಡೆ ನೋಡಿದರು. ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ, ತಲೆಯೆತ್ತಲಿಲ್ಲ. ಬೇಡ ಎಂದು ಬರೆಯಲು ನನಗೆ ಮನಸ್ಸಿರಲಿಲ್ಲ, ಯಾಕೆಂದರೆ ಸೊಸೆ ಹೇಳಿದ್ದು ಸರಿಯಿತ್ತು. ಹೌದು ಎಂದು ಬರೆಯುವ ಅಗತ್ಯವೂ ಇರಲಿಲ್ಲ, ಸುಮ್ಮನಿದ್ದರೆ ಹೌದೆಂದೇ ಅರ್ಥವಲ್ಲವೇ? ಇಷ್ಟು ಸುಲಭದ ನಿಯಮ ಯಾರಿಗೆ ಬೇಡ?

ವಾರ ಮುಗಿದ ದಿನ ರಜೆ. ಎಲ್ಲರೂ ಮನೆಯಲ್ಲೇ ಇದ್ದೆವು. ಸೊಸೆ ಕಂಪ್ಯೂಟರಿನ ಮುಂದೆ ಕೂತು ಪುಟವನ್ನು ಮತ್ತೆ ಮತ್ತೆ ತೆರೆದಳು. ಕೆಳಗೆ ಒಂದು ಅಕ್ಷರ ಬಂದಿರಲಿಲ್ಲ. "ಯಾರೂ ಏನೂ ಹೇಳೇ ಇಲ್ಲ" ಎಂದಳು, ಯಾರಿಗೆ ಹೇಳಿದಳೋ.

"ಸರಿ, ಮಾಡು ಮತ್ತೆ," ಕಿಟಕಿಯ ಹತ್ತಿರದಿಂದ ಇವರು ಹೇಳಿದರು. "ವಾರ ಆಯ್ತು. ಒಪ್ಪಿಗೆ ಆದ ಹಾಗೆ."

"ಮಾವ, ನಾನು ಅಂದ್ಕೊಂಡಿದ್ದು..."

"ನೀನು ಏನಂದ್ಕೊಂಡ್ರೂ ಅಷ್ಟೆ. ಒತ್ತು."

ಒತ್ತಿದಳು. ಕೀಲಿ ಹೋಯಿತು. ನನ್ನ ಮಗ ಎದ್ದು ಲಿಫ್ಟ್ ನೋಡಲು ಹೋದ.

ಮಾರನೇ ದಿನದಿಂದ ಇವರು ಕಂಪ್ಯೂಟರಿನ ಕಡೆ ಸುಳಿಯಲಿಲ್ಲ. ಬೆಳಗ್ಗೆ ಎದ್ದು ಬಸ್ ನಿಲ್ದಾಣದ ಬೆಂಚಿನ ಮೇಲೆ ಹೋಗಿ ಕೂರುವುದು, ಬಸ್ಸು ಬಂದರೆ ಹತ್ತದೆ ವಾಪಸ್ ಬರುವುದು. ಬೈಯುವುದನ್ನೂ ಬಿಟ್ಟರು. ಅವರು ಬೈಯದೇ ಇದ್ದರೆ ನನಗೆ ಭಯ. ಕೊನೆಗೆ ಒಂದು ಬೆಳಗ್ಗೆ ಚಹಾ ಕೊಟ್ಟು ಎದುರಿಗೆ ಕೂತು, "ಏನಾಗಿದೆ ಹೇಳ್ರೀ, ಕೀಲಿ ಹೋದ್ರೆ ಪ್ರಾಣ ಹೋಗುತ್ತಾ?" ಎಂದು ಕೇಳಿಯೇ ಬಿಟ್ಟೆ.

"ಕೀಲಿ ಹಾಳಾಗಿ ಹೋಗ್ಲಿ," ಎಂದರು. ಲೋಟವನ್ನು ತಿರುಗಿಸುತ್ತಲೇ ಇದ್ದರು. "ಯಾರಾದ್ರೂ ಒಬ್ರು ಬೇಡ ಅಂತಾರೆ ಅಂತ ಕಾದೆ. ಅನ್ಲಿಲ್ಲ. ಹೋಗ್ಲಿ, ಒಬ್ರಾದ್ರೂ ಹೌದು, ತೆಗೀರಿ, ಈ ಮುದುಕನ ಕಾಟ ಸಾಕು ಅಂತಾರೆ ಅಂತ ಕಾದೆ. ಅದೂ ಇಲ್ಲ. ಬೈದಿದ್ರೂ ತಡ್ಕೋತಿದ್ದೆ ಕಣೇ. ಸತ್ತೋರ ಮನೇಲಾದ್ರೂ ಜನ ಬಂದು ಒಂದು ಮಾತಾಡಿ ಹೋಗ್ತಾರೆ. ನಾನು ಇದ್ದೆ ಅನ್ನೋದಕ್ಕೆ ಒಂದು ಅಕ್ಷರ ಇಲ್ಲ."

ಲೋಟದಿಂದ ಚೆಲ್ಲಿದ ಚಹಾವನ್ನು ಸೆರಗಿನಿಂದ ಒರೆಸಿದೆ.

"ನೀನೂ ಬರೀಲಿಲ್ಲ," ಎಂದರು.

"ನೀವೇ ಕೂಗಾಡ್ತೀರಿ ಅಂದ್ಕೊಂಡೆ."

"ಎಲ್ಲರೂ ಅದನ್ನೇ ಅಂದ್ಕೊಂಡಿರ್ತಾರೆ."

ಬಾಗಿಲಲ್ಲಿ ಸೊಸೆ ನಿಂತಿದ್ದಳು, ಹೆಗಲಿಗೆ ಚೀಲ, ಒಂದು ಕಾಲಿಗೆ ಮಾತ್ರ ಚಪ್ಪಲಿ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಇನ್ನೊಂದು ಚಪ್ಪಲಿಗೆ ಕಾಲು ತೂರಿಸಿ ಮಾತಾಡದೆ ಹೊರಟುಹೋದಳು.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಕಟಿಂಗ್ ಮೇಜಿನ ಪಕ್ಕ ನಿಂತೇ ಫೋನಿನಲ್ಲಿ ಬರೆದಳಂತೆ. 'ತಪ್ಪಾಗಿದೆ. ಗುಂಡಿಯ ಬಣ್ಣವನ್ನು ಮೌನದಿಂದ ತೀರ್ಮಾನಿಸಬಹುದು, ಮನುಷ್ಯನನ್ನಲ್ಲ. ಆ ತೀರ್ಮಾನ ರದ್ದು. ಕೀಲಿ ವಾಪಸ್ ಕೊಟ್ಟಿದ್ದೇನೆ. ಇನ್ನು ಮುಂದೆ ಒಬ್ಬರ ವಿಷಯ ಬಂದರೆ ಪ್ರತಿಯೊಬ್ಬರೂ ಹೌದು ಅಥವಾ ಬೇಡ ಎಂದು ಸ್ವಂತ ಹೆಸರು ಹಾಕಿ ಬರೆಯಬೇಕು. ಕಾರಣವನ್ನೂ ಬರೆಯಬೇಕು. ಈ ವಿಷಯದಿಂದಲೇ ಶುರು ಮಾಡೋಣ.' ಇದಕ್ಕೆ ಮಾತ್ರ ತಕ್ಷಣ ಒಪ್ಪಿಗೆ ಬಂತು. ನಿಯಮಕ್ಕೆ ಒಪ್ಪಿಗೆ ಕೊಡಲು ಯಾರಪ್ಪನ ಮನೆ ಗಂಟು ಹೋಗಬೇಕು? ಆದರೆ ನಿಯಮದಂತೆ ನಡೆಯಿರಿ ಎಂದರೆ, ಮತ್ತೆ ಅದೇ ಮೌನ.

ನಾಟಕದವಳು ಸೊಸೆಗೆ ಬೇರೆಯಾಗಿ ತಿಳಿಸಿದಳು, 'ನಾನು ಮೊದಲು ಬರೆದರೆ ಸೇಡು ಎನ್ನುತ್ತಾರೆ.' ಇನ್ನೊಬ್ಬ, 'ತಾತನಿಂದ ಕಲಿತವನು ನಾನು, ಮೊದಲ ಹೆಸರು ನನ್ನದು ಬೇಡ.' ಮತ್ತೊಬ್ಬ, 'ಎಲ್ಲರೂ ಬರೆದ ಮೇಲೆ ಖಂಡಿತ ಬರೆಯುತ್ತೇನೆ.' ಇತ್ತ ಬೇರೆ ಒಲೆಯ ಮಾತು ಜೋರಾಯಿತು, ಜಾಗವನ್ನೂ ನೋಡಿಯಾಗಿತ್ತು. ಕೀಲಿ ಕೈಗೆ ಬಂದರೂ ಇವರು ಏನನ್ನೂ ಮುಟ್ಟಲಿಲ್ಲ. ಕಂಪ್ಯೂಟರ್ ತೆರೆದು, ಯಾರೂ ಹೆಸರು ಹಾಕದ ಆ ಖಾಲಿ ಜಾಗವನ್ನೇ ನೋಡುತ್ತಾ ಕೂರುತ್ತಿದ್ದರು.

"ಈ ಹಾಳು ಕೆಲಸ ಬಿಟ್ಟುಬಿಡ್ತೀನಿ ಅತ್ತೆ," ಸಂಜೆ ಪಾತ್ರೆ ಒರೆಸುತ್ತಾ ಸೊಸೆ ಹೇಳಿದಳು. ಒರೆಸಿದ ಪಾತ್ರೆಯನ್ನೇ ಮತ್ತೆ ಒರೆಸುತ್ತಿದ್ದಳು. "ನಾನು ಸಮಿತಿಯವಳು, ನಾನು ಹೌದು ಬೇಡ ಅಂತ ಬರೆಯೋ ಹಾಗಿಲ್ಲ. ಅವರು ಯಾರೂ ಬರೆಯಲ್ಲ. ಒಡೆದುಹೋಗುತ್ತೆ ಎಲ್ಲ. ಮಾವ ನನ್ನ ಮುಖ ನೋಡಿ ಮಾತಾಡಿ ಎಷ್ಟು ದಿನ ಆಯ್ತು! ಕಾರ್ಖಾನೇಲಿ ಬಟ್ಟೆ ಕತ್ತರಿಸೋಳಿಗೆ ಇದೆಲ್ಲ ಯಾಕೆ ಬೇಕಿತ್ತು?"

"ನಿನ್ನನ್ನ ಆರಿಸಿದ್ದು ಕತ್ತರಿಸೋಕೇ," ಎಂದೆ. ನಗಿಸಲು ಹೇಳಿದ್ದು. ಅವಳು ನಗಲಿಲ್ಲ, ಕಣ್ಣು ತುಂಬಿಕೊಂಡಳು.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಎಲ್ಲರ ಮೇಲೆ. ಕಂಡವರನ್ನೆಲ್ಲ ಬೈಯುವ ಗಂಡನ ಮೇಲೆ, ಬಾಯಿ ಸತ್ತ ಕಟ್ಟೆಯವರ ಮೇಲೆ, ಸುಮ್ಮನಿದ್ದರೆ ಸಾಕೆಂದುಕೊಂಡ ನನ್ನ ಮೇಲೆ. ಕೈ ಒರೆಸಿಕೊಂಡು ಮುಂದಿನ ಕೋಣೆಗೆ ಹೋಗಿ ಹೊಲಿಗೆ ಯಂತ್ರದ ಮುಂದೆ ಕೂತೆ. ಯಂತ್ರದ ಮೇಲೆ ಫೋನು ಒರಗಿಸಿಟ್ಟು ಬರೆಯತೊಡಗಿದೆ. ತಪ್ಪಾಯಿತು, ಅಳಿಸಿದೆ, ಮತ್ತೆ ಬರೆದೆ.

'ಈ ಪ್ರೋಗ್ರಾಮಿನ ಮೊದಲ ಅಂಗಿ ಹೊಲಿದವಳು ನಾನು. ಇದನ್ನು ಬರೆದವರು ನನ್ನ ಗಂಡ. ಹೌದು, ಅವರ ಕೀಲಿ ತೆಗೆಯಿರಿ. ಅವರು ತಮ್ಮ ತಪ್ಪನ್ನು ಒಪ್ಪುವುದಿಲ್ಲ. ತೋರಿಸಿದವರನ್ನು ಬೈಯುತ್ತಾರೆ. ಆ ಕಂಕುಳ ಲೆಕ್ಕ ತಪ್ಪು, ನಾನು ಹೊಲಿದು ನೋಡಿದ್ದೇನೆ. ಆದರೆ ಅವರಿಲ್ಲದಿದ್ದರೆ ನಮಗ್ಯಾರಿಗೂ ಕೂತು ಮಾತಾಡಲು ಈ ಕಟ್ಟೆಯೇ ಇರುತ್ತಿರಲಿಲ್ಲ. ಅವರು ಎಲ್ಲೂ ಹೋಗಬಾರದು. ಎಲ್ಲರಂತೆ ಬರೆದು, ಎಲ್ಲರಂತೆ ತೋರಿಸಿ, ಎಲ್ಲರಂತೆ ಕಾಯಲಿ.' ಕೆಳಗೆ ನನ್ನ ಪೂರ್ತಿ ಹೆಸರು ಹಾಕಿದೆ. ಕಳಿಸಿದೆ.

ಒಳಕೋಣೆಯಲ್ಲಿ ಇವರ ಫೋನು ಟಿಂಗ್ ಎಂದಿತು. ಕುರ್ಚಿಯ ಸದ್ದು ನಿಂತಿತು.

ಸೊಸೆ ಒದ್ದೆ ಕೈಯಲ್ಲೇ ಫೋನು ಹಿಡಿದು ಓಡಿಬಂದಳು. "ಅತ್ತೆ, ಏನು ಮಾಡಿದ್ರಿ! ನನಗೋಸ್ಕರ ಬರೆದ್ರಾ?"

"ನಿನಗೋಸ್ಕರ ಯಾಕೆ? ಒಂದು ಮಾತು ಬೇಕು ಅಂತ ಕಾಯ್ತಾ ಕೂತಿದ್ರಲ್ಲ, ಅವರಿಗೋಸ್ಕರ."

ಅವಳ ಕೈಯಲ್ಲಿದ್ದ ಫೋನು ಮತ್ತೆ ಸದ್ದು ಮಾಡಿತು. ನಾಟಕದವಳು ಬರೆದಿದ್ದಳು, ಹೌದು ಎಂದು, ಆದರೆ ಜಗಳದ ಒಂದು ಮಾತಿಲ್ಲದೆ. ಆಮೇಲೆ ಒಬ್ಬ ಬೇಡ ಎಂದ, ನಾಲ್ಕು ಸಾಲು ಕಾರಣ ಕೊಟ್ಟ. ಆಮೇಲೆ ಇನ್ನೊಬ್ಬರು. ಒಬ್ಬ ಮುದುಕ ದರ್ಜಿ, ಈ ತಾತನಿಂದ ನನ್ನ ಅಂಗಡಿ ಉಳಿಯಿತು, ಕೀಲಿ ತೆಗೆಯಿರಿ, ಆದರೆ ಅವರಿಗೆ ನನ್ನ ನಮಸ್ಕಾರ ತಿಳಿಸಿ ಎಂದು ಬರೆದ. ಒಳಕೋಣೆಯಲ್ಲಿ ಟಿಂಗ್ ಟಿಂಗ್ ಎನ್ನುತ್ತಲೇ ಇತ್ತು.

ಸ್ವಲ್ಪ ಹೊತ್ತಿಗೆ ಇವರು ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಕನ್ನಡಕ.

"ಓದಿದೆ," ಎಂದರು. "ಮೊದಲನೇ ಹೆಸರು ನಿಂದು."

"ಹೂಂ."

"ಪೂರ್ತಿ ಹೆಸರು ಹಾಕಿದ್ದೀಯ."

"ಹೂಂ ರೀ. ನಿಯಮ ಹಾಗಿದೆ."

ಇವರು ತಿರುಗಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆಮೇಲೆ ಅಳು ಕೇಳಿಸಿತು. ತಡೆದುಕೊಂಡು, ಮತ್ತೆ ತಡೆಯಲಾಗದೆ, ಬಿಕ್ಕಿ ಬಿಕ್ಕಿ.

ಸೊಸೆ ದಡಕ್ಕನೆ ಅತ್ತ ಹೊರಟಳು. ನಾನು ಅವಳ ಮಣಿಕಟ್ಟು ಹಿಡಿದೆ.

"ಕೂತ್ಕೋ."

"ಅತ್ತೆ, ಮಾವ ಅಳ್ತಿದ್ದಾರೆ!"

"ಕೇಳಿಸ್ತಿದೆ. ನನ್ನ ಗಂಡ ಅವರು. ಈಗ ನೀನು ಒಳಗೆ ಹೋದ್ರೆ ತಪ್ಪಾಯ್ತು ಮಾವ ಅಂತ ಕಾಲಿಗೆ ಬೀಳ್ತೀಯ, ಕೀಲಿ ನಿಮ್ಮ ಹತ್ರಾನೇ ಇರಲಿ ಅಂತೀಯ. ಅವರು ಇಟ್ಕೊಂಡುಬಿಡ್ತಾರೆ. ಕೂತ್ಕೋ."

ಅವಳು ಕೂತಳು. ಕಾಲು ಕುಣಿಯುತ್ತಲೇ ಇತ್ತು, ನನ್ನದೂ ಕುಣಿಯುತ್ತಿತ್ತೇನೋ, ಮೇಜು ಅಲುಗುತ್ತಿತ್ತು. ಎದ್ದು ಓಡಿಹೋಗಿ ಆ ಬಾಗಿಲು ತಟ್ಟಬೇಕೆಂದು ಅವಳಿಗಿಂತ ಹೆಚ್ಚು ನನಗೇ ಅನ್ನಿಸುತ್ತಿತ್ತು. ಅದಕ್ಕೇ ಅವಳ ಕೈಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡೆ.